ಬೇಲಿಯ ಗಡ್ಡೆ ಮತ್ತು ಮನೆಮದ್ದು: ಆಯುರ್ವೇದ ವೈದ್ಯರೊಂದಿಗೆ ಪ್ರಶ್ನೋತ್ತರ

ಜಮಖಂಡಿಯ ಸದಸ್ಯರು: ನಮಸ್ಕಾರ ಮೇಡಂ. ಅಮೃತಬಳ್ಳಿಯ ಕಷಾಯವನ್ನು ದಿನಾಲೂ ಖಾಲಿ ಹೊಟ್ಟೆಯಲ್ಲಿ ಕುಡಿಯಬಹುದೇ? ನಮ್ಮ ತಾಯಿಯವರು ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ತೆಗೆದುಕೊಳ್ಳುತ್ತಾರೆ.

ವೈದ್ಯರು: ನಮಸ್ಕಾರ. ತಿಂಗಳುಗಟ್ಟಲೆ ಬೇಡ. ಕೋವಿಡ್ ಕಾಲದಲ್ಲಿ ಇದನ್ನು ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವಾದದ್ದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಸೇವಿಸಿದ್ದು ಅಮೃತಬಳ್ಳಿಯೇ ಎಂದು ದೃಢಪಡಿಸಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಆ ವಾದ ಏನೇ ಇರಲಿ, ಕಣ್ಣು ಹಳದಿಯಾದರೆ ಕಷಾಯ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿರಿ. ಗುಳಿಗೆಯೊಂದಿಗೆ ಸೇರಿದರೆ ಸಕ್ಕರೆ ತೀರ ಇಳಿಯಬಹುದಾದ್ದರಿಂದ ತಾಯಿಯವರ ವೈದ್ಯರಿಗೆ ತಿಳಿಸದೆ ಕೊಡಬೇಡಿರಿ.

ಬಾದಾಮಿಯ ಸದಸ್ಯರು: ಈ ಗುಂಪಿನಲ್ಲಿಯೇ ಬಂದ ಸಂದೇಶವನ್ನು ನೋಡಿ ನಮ್ಮ ಸೋದರಮಾವನವರು ನಿನ್ನೆ ಸಂಜೆ ಕೀಲುನೋವಿಗೆಂದು ಹೊಲದ ಬೇಲಿಯಲ್ಲಿನ ಬಳ್ಳಿಯ ಗಡ್ಡೆಯನ್ನು ತೇಯ್ದು ಹಾಲಿನಲ್ಲಿ ಕುಡಿದರು. ಮಧ್ಯರಾತ್ರಿಯಿಂದ ವಾಂತಿ, ಭೇದಿ ಇತ್ತು. ಈಗ ನಿಂತಿದೆ, ಗಂಜಿ ಕುಡಿದು ಮಲಗಿದ್ದಾರೆ. ಬಳ್ಳಿಯ ಹೂವು ಕೆಂಪು ಹಳದಿ, ಎಸಳುಗಳು ಮೇಲಕ್ಕೆ ಮಡಚಿಕೊಂಡಿವೆ. ಗಾಬರಿಪಡುವಂಥದ್ದು ಇದೆಯೇ?

ವೈದ್ಯರು: ಎಲೆಯ ತುದಿ ಸುರುಳಿ ಸುತ್ತಿಕೊಂಡಿದೆಯೇ? ಗಡ್ಡೆ ಎರಡು ಕವಲಾಗಿತ್ತೇ?

ಬಾದಾಮಿಯ ಸದಸ್ಯರು: ಎರಡೂ ಹೌದು.

ವೈದ್ಯರು: ಅದು ಅಗ್ನಿಶಿಖೆ, ಆಯುರ್ವೇದ ಗ್ರಂಥಗಳ ಲಾಂಗಲಿ. ಇದನ್ನು ಓದಿ ಮುಗಿಸುವ ಮೊದಲೇ ಗಾಡಿ ಹೊರಡಿಸಿರಿ. ಅದರಲ್ಲಿರುವ ಕಾಲ್ಚಿಸಿನ್ ಎಂಬ ದ್ರವ್ಯವನ್ನು ಗೌಟ್ ಎಂಬ ಕೀಲುಬೇನೆಗೆ ಅರ್ಧ ಮಿಲಿಗ್ರಾಂ ಗುಳಿಗೆಯಾಗಿ ಕೊಡುವುದುಂಟು, ಆ ಸಂದೇಶ ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ. ಆದರೆ ಬೇಲಿಯ ಗಡ್ಡೆಯಲ್ಲಿ ಅದು ಎಷ್ಟಿದೆಯೆಂದು ತೇಯುವ ಕಲ್ಲು ಹೇಳುವುದಿಲ್ಲ. ವಾಂತಿ ನಿಂತದ್ದನ್ನು ಗುಣವೆಂದು ತಿಳಿಯಬೇಡಿರಿ. ಈ ವಿಷವು ಜೀವಕೋಶಗಳ ವಿಭಜನೆಯನ್ನೇ ತಡೆಯುವುದರಿಂದ, ಬೇಗ ಬೇಗ ಹೊಸದಾಗುವ ಕರುಳಿನ ಒಳಪದರ ಮೊದಲು ಕೆಡುತ್ತದೆ. ಎರಡನೆಯ ದಿನದಿಂದ ಒಂದು ವಾರದೊಳಗೆ ಅಸ್ಥಿಮಜ್ಜೆ, ಮೂತ್ರಪಿಂಡ, ಹೃದಯಗಳು ಒಂದೊಂದಾಗಿ ಸೋಲಬಹುದು. ಮನೆಯಲ್ಲಿ ಕೊಡಬಹುದಾದ ಪ್ರತಿವಿಷ ಯಾವುದೂ ಇಲ್ಲ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯನ್ನು ಬಾಗಲಕೋಟೆಯಲ್ಲಿ ನೋಡಿರಿ. ಉಳಿದ ಗಡ್ಡೆ, ಎಲೆ, ಹೂವು ಹಾಗೂ ಅವರ ನಿತ್ಯದ ಗುಳಿಗೆಗಳ ಚೀಟಿ ಜೊತೆಯಲ್ಲಿರಲಿ.

ಬಾದಾಮಿಯ ಸದಸ್ಯರು: ಹೊರಟೆವು.

ಗೋಕಾಕದ ಸದಸ್ಯರು: ಸಂದೇಶವನ್ನು ಹಾಕಿದವನು ನಾನು. ಶುದ್ಧಿ ಮಾಡಿ ಬಳಸಬೇಕೆಂದು ಅದರಲ್ಲಿಯೇ ಇತ್ತು. ಆಯುರ್ವೇದದಲ್ಲಿ ಇರುವುದನ್ನು ಹಂಚುವುದು ಅಪರಾಧವೇ?

ವಿಜಯಪುರದ ಸದಸ್ಯರು: ಯಾವುದರಲ್ಲಿ ಶುದ್ಧಿ, ಎಷ್ಟು ಹೊತ್ತು ಎಂಬುದು ಇರಲಿಲ್ಲ.

ಗೋಕಾಕದ ಸದಸ್ಯರು: ಇಂಗ್ಲಿಷ್ ಔಷಧದಿಂದ ಮೂತ್ರಪಿಂಡ ಕಳೆದುಕೊಂಡವರಿಗಾಗಿ ತಾವು ಎಂದಾದರೂ ಇಷ್ಟು ಸಿಟ್ಟಾಗಿದ್ದೀರಾ?

ವಿಜಯಪುರದ ಸದಸ್ಯರು: ಇಂಗ್ಲಿಷ್ ಔಷಧದ ಚೀಟಿಯಲ್ಲಿ ಬರೆದುಕೊಟ್ಟವರ ಹೆಸರಿರುತ್ತದೆ. ತಮ್ಮ ಸಂದೇಶದಲ್ಲಿ ಇದ್ದದ್ದು 'ಹತ್ತು ಜನರಿಗೆ ಕಳುಹಿಸಿ' ಎಂಬುದಷ್ಟೇ.

ಸಿಂದಗಿಯ ಸದಸ್ಯರು: ಹುಟ್ಟಿದ ಕೂಸಿಗೆ ಬಜೆ ತೇಯ್ದು ನೆಕ್ಕಿಸುವುದು ಸರಿಯೇ ಮೇಡಂ?

ವೈದ್ಯರು: ಗೋಕಾಕದವರಿಗೆ: ಆಯುರ್ವೇದವೇ ಲಾಂಗಲಿಯನ್ನು ಉಪವಿಷಗಳ, ಅಂದರೆ ಎರಡನೆಯ ದರ್ಜೆಯ ವಿಷಗಳ, ಸಾಲಿನಲ್ಲಿ ಇಟ್ಟಿದೆ. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಲಾಂಗಲಿ, ಕರವೀರ (ಕಣಗಿಲೆ), ಗುಂಜಾ (ಗುಲಗಂಜಿ), ಧತ್ತೂರಗಳು ವಿಷದ್ರವ್ಯಗಳೆಂದೇ ನಮೂದಾಗಿವೆ. ಅವು ಸೇರಿದ ಸೇವನೆಯ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆಯನ್ನು ಮುದ್ರಿಸಲೇಬೇಕು. ನಾನು ಓದಿದ್ದು ಆಯುರ್ವೇದವನ್ನೇ. ಅದರ ಹೆಸರಿನಲ್ಲಿ ನನಗೆ ಪಾಠ ಬೇಡ.

ಮುಧೋಳದ ಸದಸ್ಯರು: ಕಣಗಿಲೆ ಎಲೆಯ ಕಷಾಯದಿಂದ ಹೃದಯದ ಬ್ಲಾಕ್ ಕರಗುತ್ತದೆ ಎಂಬ ವಿಡಿಯೋ ಬಂದಿದೆ, ಹಾಕಲೇ?

ವೈದ್ಯರು: ಹಾಕಬೇಡಿರಿ. ಬ್ಲಾಕ್ ಕರಗುವುದಿಲ್ಲ, ಹೃದಯ ನಿಲ್ಲುತ್ತದೆ. ಬಿಳಿ, ಕೆಂಪು, ಹಳದಿ ಯಾವ ಕಣಗಿಲೆಯೂ ಹೊಟ್ಟೆಗೆ ಬೇಡ.

ಇಳಕಲ್ಲಿನ ಸದಸ್ಯರು: ಅಮೃತಬಳ್ಳಿಯನ್ನು ದಿನಾಲೂ ಕುಡಿಯಬಹುದೇ?

ವೈದ್ಯರು: ಮೇಲೆ ಓದಿರಿ.

ರಾಮದುರ್ಗದ ಸದಸ್ಯರು: ಹುಡುಗನ ಕಣ್ಣಿಗೆ ಎಕ್ಕೆಯ ಹಾಲು ಸಿಡಿದಿದೆ. ತುಪ್ಪ ಹಾಕಿದ್ದೇವೆ.

ವೈದ್ಯರು: ತುಪ್ಪವಲ್ಲ, ಶುದ್ಧ ನೀರು. ರೆಪ್ಪೆ ಬಿಡಿಸಿ ಹದಿನೈದು ಇಪ್ಪತ್ತು ನಿಮಿಷ ಸುರಿಯುತ್ತಿರಿ. ನೋವಿಲ್ಲದಿದ್ದರೂ ಇಂದೇ ಕಣ್ಣಿನ ವೈದ್ಯರಿಗೆ ತೋರಿಸಿರಿ.

ಇಳಕಲ್ಲಿನ ಸದಸ್ಯರು: ಮೇಲೆ ಎಂದರೆ ಎಲ್ಲಿ?

ಗೋಕಾಕದ ಸದಸ್ಯರು: ಪ್ರಶ್ನೆ ಕೇಳಿದವರಿಗೆಲ್ಲ ಗದರುವುದಾದರೆ ಈ ಗುಂಪು ಏಕೆ?

ವಿಜಯಪುರದ ಸದಸ್ಯರು: ತಾವು ಸುಮ್ಮನಿದ್ದರೆ ಸಾಕು.

ಬಾದಾಮಿಯ ಸದಸ್ಯರು: ಬಾಗಲಕೋಟೆಯಲ್ಲಿ ದಾಖಲಿಸಿಕೊಂಡಿದ್ದಾರೆ. ಬಿಳಿ ರಕ್ತಕಣ ಹೆಚ್ಚಾಗಿದೆಯಂತೆ, ಸೋಂಕಿರಬಹುದು ಎನ್ನುತ್ತಿದ್ದಾರೆ.

ವೈದ್ಯರು: ಮೊದಲ ದಿನ ಅದು ಏರುವುದು, ಆಮೇಲೆ ಮೂರರಿಂದ ಐದನೆಯ ದಿನದ ಹೊತ್ತಿಗೆ ಕುಸಿಯುವುದು ಈ ವಿಷದಲ್ಲಿ ಕಾಣುವಂಥದ್ದೇ. ಗಡ್ಡೆಯನ್ನು ತೋರಿಸಿದಿರಾ?

ಬಾದಾಮಿಯ ಸದಸ್ಯರು: ಇಲ್ಲ. ನಾಟಿ ಔಷಧವೆಂದರೆ ಬೈಯುತ್ತಾರೆಂದು ಮಾವನವರು ಬೇಡವೆಂದರು. ಹೊರಗಿನ ಊಟವೆಂದು ಬರೆಸಿದ್ದೇವೆ.

ವೈದ್ಯರು: ಬೈಸಿಕೊಳ್ಳಿರಿ. ಈಗಲೇ ಒಳಗೆ ಹೋಗಿ ಗಡ್ಡೆಯನ್ನು ಮೇಜಿನ ಮೇಲಿಟ್ಟು, ಕುಡಿದ ಹೊತ್ತು, ತೇಯ್ದ ಪ್ರಮಾಣ, ಕಾಲ್ಚಿಸಿನ್ ಎಂಬ ಹೆಸರು, ಮೂರನ್ನೂ ಹೇಳಿರಿ. ವಿಷಾಹಾರವೆಂದು ತಿಳಿದರೆ ನಾಳೆಯೇ ಮನೆಗೆ ಕಳುಹಿಸಿಬಿಡುತ್ತಾರೆ.

ಬಾದಾಮಿಯ ಸದಸ್ಯರು: ತೋರಿಸಿದೆವು. ಬೈದರು. ನಿಗಾ ಘಟಕಕ್ಕೆ ಒಯ್ದಿದ್ದಾರೆ.