ಹಳೆಯ ನುಡಿ ಕಡತ, ಹೊಸ ಲ್ಯಾಪ್‌ಟಾಪ್: ಭಾನುವಾರದ ಗಣಕ ಪ್ರಶ್ನೋತ್ತರ

ನಿರ್ವಾಹಕರು: ಹೊಸದಾಗಿ ಕಂಪ್ಯೂಟರ್ ಕಲಿಯುತ್ತಿರುವ ಹಿರಿಯರ ಈ ಬಳಗದಲ್ಲಿ, ಶಿವಮೊಗ್ಗದಲ್ಲಿ ತರಬೇತಿ ಮತ್ತು ದುರಸ್ತಿ ಎರಡನ್ನೂ ನಡೆಸುವ ನಮ್ಮ ಮೇಷ್ಟ್ರು ಇಂದು ಸಂಜೆ ಏಳರಿಂದ ಒಂಬತ್ತರವರೆಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಬೇರೆ ಕಡೆಯಿಂದ ಬಂದ ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಸಾಗರದ ನಿವೃತ್ತ ಗುಮಾಸ್ತರು: ನಮಸ್ಕಾರ ಮೇಷ್ಟ್ರೇ. ಪೆನ್ ಡ್ರೈವಿನಲ್ಲಿದ್ದ ಸಂಘದ ಲೆಕ್ಕದ ಹಾಳೆಯನ್ನು ತಪ್ಪಿ ಡಿಲೀಟ್ ಮಾಡಿದೆ. ರಿಸೈಕಲ್ ಬಿನ್ ತೆರೆದು ನೋಡಿದರೆ ಅಲ್ಲಿ ಇಲ್ಲ. ಎಲ್ಲಿ ಹೋಯಿತು?

ಮೇಷ್ಟ್ರು: ನಮಸ್ಕಾರ. ಕಂಪ್ಯೂಟರಿನೊಳಗೆ ಅಳಿಸಿದ್ದು ಕಸದ ಬುಟ್ಟಿಗೆ ಹೋಗುತ್ತದೆ. ಪೆನ್ ಡ್ರೈವಿನಲ್ಲಿ ಅಳಿಸಿದ್ದು ನೇರವಾಗಿ ಹೋಗಿಬಿಡುತ್ತದೆ. ಆದರೂ ಅಳಿಸಿದ ಕೂಡಲೇ ಅಕ್ಷರಗಳು ಒರೆಸಿಹೋಗುವುದಿಲ್ಲ, ಆ ಜಾಗ ಖಾಲಿಯಿದೆ ಎಂಬ ಗುರುತು ಮಾತ್ರ ಬೀಳುತ್ತದೆ. ಅಲ್ಲಿ ಬೇರೇನನ್ನಾದರೂ ತುಂಬಿದರೆ ಮಾತ್ರ ಹಳೆಯದು ನಿಜವಾಗಿ ನಾಶವಾಗುತ್ತದೆ. ಆದ್ದರಿಂದ ಆ ಪೆನ್ ಡ್ರೈವಿಗೆ ಇನ್ನು ಒಂದು ಫೋಟೋವನ್ನೂ ಹಾಕದೆ ತೆಗೆದಿಟ್ಟು, ಕಡತ ಮರಳಿಸುವ ತಂತ್ರಾಂಶ ಬಲ್ಲವರ ಬಳಿ ಒಯ್ಯಿರಿ.

ಹಾಸನದ ಸದಸ್ಯರು: ಸರ್, ಕಂಪ್ಯೂಟರ್ ನಿಧಾನವಾಗಿದೆ. ಮೌಸಿನ ಬಲಗುಂಡಿ ಒತ್ತಿ ದಿನವೂ ಇಪ್ಪತ್ತು ಸಲ ರಿಫ್ರೆಶ್ ಕೊಡುತ್ತಿದ್ದೇನೆ. ಸಾಕೇ?

ಮೇಷ್ಟ್ರು: ರಿಫ್ರೆಶ್ ಎಂದರೆ ಪರದೆಯ ಮೇಲಿನ ಚಿತ್ರಗಳನ್ನು ಇನ್ನೊಮ್ಮೆ ಬರೆಯುವುದು ಅಷ್ಟೆ. ಅದರಿಂದ ಯಂತ್ರಕ್ಕೆ ವೇಗ ಬರುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಯಾವ ಕೆಲಸ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ನೋಡಿ.

ಚಿತ್ರದುರ್ಗದ ಸದಸ್ಯರು: ನನ್ನ ಪ್ರಿಂಟರಿನಿಂದ ಖಾಲಿ ಹಾಳೆಗಳೇ ಬರುತ್ತಿವೆ. ಶಾಯಿ ಕಳೆದ ತಿಂಗಳು ತುಂಬಿಸಿದ್ದು.

ತೀರ್ಥಹಳ್ಳಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ: ಮೇಷ್ಟ್ರಿಗೆ ನಮಸ್ಕಾರಗಳು. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ನಮ್ಮತ್ತೆಯ ತವರಿನ ಬಗ್ಗೆ ಆರು ವರ್ಷಗಳಿಂದ ಬರೆಯುತ್ತಿದ್ದೇನೆ. ಹಳೆಯ ಕಂಪ್ಯೂಟರಿನಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ 210 ಪುಟಗಳು. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿದ ಮೇಲೆ ಪೆನ್ ಡ್ರೈವಿನಲ್ಲಿ ತಂದು ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಗೆರೆ, ಚುಕ್ಕಿ, ನಡುವೆ ಪೌಂಡಿನ ಚಿಹ್ನೆ. ಪಕ್ಕದ ಮನೆಯವರಿಗೆ ಬಂದ ಸಂದೇಶವೊಂದರಲ್ಲಿ, ಇದು ವೈರಸ್, ಕೆಂಪು ಗೆರೆ ಬಿದ್ದ ಪದಗಳನ್ನೆಲ್ಲ ಬಲಗುಂಡಿ ಒತ್ತಿ ಸರಿಪಡಿಸುತ್ತ ಹೋಗಿ, ಕೊನೆಗೆ ಪೂರ್ತಿ ಆಯ್ದು ಫಾಂಟನ್ನು ತುಂಗಾ ಎಂದು ಬದಲಿಸಿದರೆ ಕನ್ನಡ ಬರುತ್ತದೆ ಎಂದು ಬರೆದಿತ್ತು. ಅದರಂತೆ ಹನ್ನೆರಡು ಪುಟ ಸರಿಪಡಿಸಿದ್ದೇನೆ. ಮುಂದುವರಿಸಲೇ?

ಮೇಷ್ಟ್ರು: ಬೇಡ ಮೇಡಂ, ಇನ್ನೊಂದು ಪದವನ್ನೂ ಮುಟ್ಟಬೇಡಿ. ಮೊದಲು ಇದಕ್ಕೆ ಉತ್ತರಿಸಿ: ಸರಿಪಡಿಸಿದ ಮೇಲೆ ಸೇವ್ ಮಾಡಿದಿರಾ? ಕಡತ ಇನ್ನೂ ತೆರೆದೇ ಇದೆಯೇ?

ಮುಖ್ಯೋಪಾಧ್ಯಾಯಿನಿ: ಪ್ರತಿ ಪುಟಕ್ಕೂ ಸೇವ್ ಮಾಡಬೇಕೆಂದು ನೀವೇ ಹಿಂದೆ ಹೇಳಿದ್ದಿರಿ, ಮಾಡಿದ್ದೇನೆ. ಮಧ್ಯಾಹ್ನ ಮುಚ್ಚಿದೆ.

ಮೇಷ್ಟ್ರು: ತೆರೆದೇ ಇದ್ದಿದ್ದರೆ ಕಂಟ್ರೋಲ್ ಮತ್ತು ಝೆಡ್ ಒತ್ತಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರಬಹುದಿತ್ತು, ಮುಚ್ಚಿದ ಮೇಲೆ ಆ ದಾರಿಯಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ನಿಧಾನವಾಗಿ ಓದಿ.

ನಿಮ್ಮ ಕಡತಕ್ಕೆ ಯಾವ ರೋಗವೂ ಬಂದಿಲ್ಲ. ಹಳೆಯ ನುಡಿಯ ಪಠ್ಯದೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ‘ಕನ್ನಡ’ ಎಂದು ನೀವು ಟೈಪ್ ಮಾಡಿದಾಗ ಕಡತದಲ್ಲಿ ಕೂರುವುದು ರೋಮನ್ನಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆಯ ‘ಎ’, ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಮತ್ತೊಮ್ಮೆ ಅದೇ ‘ಎ’. ಇವುಗಳಿಗೆ ಕನ್ನಡದ ವೇಷ ತೊಡಿಸುವುದು ನುಡಿಯ ಫಾಂಟು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟು ಇಲ್ಲದ ಕಾರಣ ವೇಷ ಕಳಚಿ, ಒಳಗಿದ್ದದ್ದು ಕಾಣುತ್ತಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಹಾಕಿಸಿಕೊಂಡರೆ 210 ಪುಟಗಳೂ ಮೊದಲಿನಂತೆ ಕಾಣುತ್ತಿದ್ದವು.

ಈಗ ಕಾಣುವುದು 198. ಕೆಂಪು ಗೆರೆ ಎಳೆದದ್ದು ಇಂಗ್ಲಿಷ್ ನಿಘಂಟು. ನಿಮ್ಮ ಅತ್ತೆಯ ಊರಿನ ಹೆಸರನ್ನು ಅದು ತಪ್ಪು ಕಾಗುಣಿತದ ಇಂಗ್ಲಿಷ್ ಪದವೆಂದು ಭಾವಿಸಿ, ಹತ್ತಿರದ ಯಾವುದೋ ಇಂಗ್ಲಿಷ್ ಪದವನ್ನು ಸೂಚಿಸಿದೆ, ನೀವು ಒಪ್ಪಿದ್ದೀರಿ. ಅಲ್ಲಿ ಇನ್ನು ಯಾವ ಫಾಂಟು ಹಾಕಿದರೂ ಮೂಲ ಪದ ಮರಳುವುದಿಲ್ಲ. ತುಂಗಾ ಸಲಹೆಯೂ ಅಷ್ಟೇ ಅಪಾಯದ್ದು. ಅದು ಯೂನಿಕೋಡ್ ಫಾಂಟು, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ಪದ್ಧತಿಯದ್ದು, ರೋಮನ್ ಅಕ್ಷರವನ್ನು ರೋಮನ್ ಆಗಿಯೇ ತೋರಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಯಾವುದು ನುಡಿಯ ಪಠ್ಯ, ಯಾವುದು ನೀವು ಬೇಕೆಂದೇ ಬರೆದ ಇಂಗ್ಲಿಷ್ ಎಂದು ತಿಳಿಸುವ ಏಕೈಕ ಗುರುತು ಫಾಂಟಿನ ಹೆಸರು. ಪೂರ್ತಿ ಆಯ್ದು ಬದಲಿಸಿದರೆ ಆ ಗುರುತೂ ಅಳಿಯುತ್ತದೆ. ಆಮೇಲೆ ಯೂನಿಕೋಡಿಗೆ ಪರಿವರ್ತಿಸಲು ಹೋದಾಗ, ಇಂಗ್ಲಿಷಿನಲ್ಲಿ ಬರೆದ ‘ಜಿ.ಡಿ.’ ಎಂಬ ಇನಿಷಿಯಲ್ ‘ಉ.ಆ.’ ಎಂದಾಗುತ್ತದೆ. ಇಂಥ ಪುಸ್ತಕವೊಂದನ್ನು ನಾನೇ ಕೂತು ತಿದ್ದಿದ್ದೇನೆ.

ಈ ಸಂದೇಶ ಬರೆದ ಮಹಾನುಭಾವರು ಒಂದು ಸಲವಾದರೂ ನುಡಿಯ ಕಡತವನ್ನು ತೆರೆದು ನೋಡಿದವರಲ್ಲ.

ಇನ್ನು ಮುಖ್ಯ ವಿಷಯ. ಸರಿಪಡಿಸಿದ್ದು ಯಾವ ಪ್ರತಿಯಲ್ಲಿ? ಪೆನ್ ಡ್ರೈವಿನಲ್ಲಿದ್ದ ಕಡತದ ಮೇಲೆಯೇ ಎರಡು ಸಲ ಒತ್ತಿ ತೆರೆದಿದ್ದರೆ ಹಾಳಾದದ್ದು ಮೂಲವೇ. ಮೊದಲು ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡು ಅದನ್ನು ತೆರೆದಿದ್ದರೆ ಮೂಲ ಇನ್ನೂ ಪೆನ್ ಡ್ರೈವಿನಲ್ಲಿದೆ. ನೆನಪಿನಿಂದ ಹೇಳಬೇಡಿ. ಪೆನ್ ಡ್ರೈವ್ ಚುಚ್ಚಿ, ಕಡತವನ್ನು ತೆರೆಯದೆ, ಅದರ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ಆರಿಸಿ, ಮಾಡಿಫೈಡ್ ಎಂಬಲ್ಲಿರುವ ದಿನಾಂಕವನ್ನು ಓದಿ ಹೇಳಿ. ಹಳೆಯ ಕಂಪ್ಯೂಟರ್ ಎಲ್ಲಿದೆ?

ಮುಖ್ಯೋಪಾಧ್ಯಾಯಿನಿ: ಹಳೆಯದನ್ನು ಗುರುವಾರ ಅಂಗಡಿಗೆ ಕೊಟ್ಟಾಯಿತು. ಪೆನ್ ಡ್ರೈವನ್ನು ಮಗ ಎಲ್ಲಿಟ್ಟಿದ್ದಾನೋ, ಹುಡುಕುತ್ತೇನೆ.

ಮೇಷ್ಟ್ರು: ಅಂಗಡಿಗೆ ಈಗಲೇ ಫೋನ್ ಮಾಡಿ, ಡಿಸ್ಕನ್ನು ಫಾರ್ಮ್ಯಾಟ್ ಮಾಡಬಾರದೆಂದು ಹೇಳಿ.

ಅಮೆರಿಕದ ಮಿಲ್ಪಿಟಾಸ್‌ನಲ್ಲಿರುವ ಇಂಜಿನಿಯರ್: 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಇಷ್ಟು ವರ್ಷಗಳಾದರೂ ಜನರಿಗೆ ಹಳೆಯ ನುಡಿಯನ್ನೇ ಕಲಿಸುತ್ತಿರುವವರು ಯಾರು?

ಬೆಂಗಳೂರಿನ ಡಿಟಿಪಿ ಮಾಡುವವರು: ನಾವು, ಸ್ವಾಮೀ. ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದ್ದು, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅದರಲ್ಲೇ ಪುಟ ಕಟ್ಟುವ ಪ್ರೆಸ್ಸುಗಳು ಇವತ್ತಿಗೂ ನುಡಿಯನ್ನೇ ಕೇಳುತ್ತವೆ. ಅಲ್ಲಿ ಕೂತು ಹೇಳುವುದು ಸುಲಭ.

ಇಂಜಿನಿಯರ್: ಇನ್‌ಡಿಸೈನ್ ಎಂಬ ಈಗಿನ ಪುಟ ಕಟ್ಟುವ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿಯೇ ಜೋಡಿಸುತ್ತದೆ. ನಿಮ್ಮ ಸೋಮಾರಿತನಕ್ಕೆ ಮೇಡಂ ಅವರ ಆರು ವರ್ಷದ ಬರಹ ಬಲಿಯಾಗಬೇಕೇ?

ಡಿಟಿಪಿಯವರು: ಅದರ ಚಂದಾ ನೀವು ಕಟ್ಟುತ್ತೀರಾ?

ಧಾರವಾಡದ ಸದಸ್ಯರು: ಇಬ್ಬರೂ ಬಿಡಿ. ‘ಬರಹ’ ಎಂಬ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ. ನುಡಿಯ ಕೀಲಿಮಣೆಯನ್ನು ಈ ವಯಸ್ಸಿನಲ್ಲಿ ಕಲಿಯುವವರು ಯಾರು?

ಡಿಟಿಪಿಯವರು: ನುಡಿಯ ಕೀಲಿಮಣೆಯಲ್ಲಿರುವ ಕೆ.ಪಿ. ರಾವ್ ಅವರ ವಿನ್ಯಾಸ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಕನ್ನಡ ಬರೆಯಲು ಇಂಗ್ಲಿಷ್ ಕಾಗುಣಿತ ಯೋಚಿಸುವುದಕ್ಕಿಂತ ಅದೇ ವಾಸಿ.

ಮೇಷ್ಟ್ರು: ಕೀಲಿಮಣೆ ಬೇರೆ, ಕಡತದಲ್ಲಿ ಅಕ್ಷರ ಕೂರುವ ಬಗೆ ಬೇರೆ, ಮೂವರೂ ಎರಡನ್ನು ಕಲಸುತ್ತಿದ್ದೀರಿ. ಅದೇ ಕೀಲಿಮಣೆಯಲ್ಲಿ ಯೂನಿಕೋಡನ್ನೂ ಟೈಪ್ ಮಾಡಬಹುದು, ಬೆರಳಿನ ಅಭ್ಯಾಸ ಹಾಳಾಗುವುದಿಲ್ಲ. ಇಷ್ಟು ಸಾಕು.

ಮಂಡ್ಯದ ಸದಸ್ಯರು: ಮೇಷ್ಟ್ರೇ, ವಿಂಡೋಸ್ 10 ನಿಂತುಹೋಯಿತಂತೆ. ನಾಳೆಯಿಂದ ಕಂಪ್ಯೂಟರ್ ಹೊತ್ತುವುದಿಲ್ಲವೇ?

ಮೇಷ್ಟ್ರು: ಹೊತ್ತುತ್ತದೆ. 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ, ಅಂದರೆ ಸುರಕ್ಷತೆಯ ಪರಿಷ್ಕರಣೆಗಳು. ಬ್ಯಾಂಕಿನ ವ್ಯವಹಾರ ಅದರಲ್ಲೇ ಮಾಡುವುದಾದರೆ ಬೇಗ ಬದಲಿಸಿ.

ತುಮಕೂರಿನ ಸದಸ್ಯರು: ಸರ್, ರಿಫ್ರೆಶ್ ಕೊಟ್ಟರೆ ಸ್ಪೀಡ್ ಆಗುತ್ತದೆಯೇ?

ಮೇಷ್ಟ್ರು: ಇಲ್ಲ. ಮೇಲೆ ಓದಿ.

ಹಾಸನದ ಸದಸ್ಯರು: ಈಗಷ್ಟೇ ಬಂದ ಸಂದೇಶ: ‘ಟೆಂಪ್, ಪ್ರಿಫೆಚ್, ಸಿಸ್ಟಮ್32 ಎಂಬ ಮೂರು ಫೋಲ್ಡರುಗಳನ್ನು ಅಳಿಸಿದರೆ ಕಂಪ್ಯೂಟರ್ ಹೊಸದರಂತೆ ಓಡುತ್ತದೆ. ಎಲ್ಲರಿಗೂ ಹಂಚಿ.’ ಮಾಡಬಹುದೇ ಸರ್?

ಮೇಷ್ಟ್ರು: ಮಾಡಬೇಡಿ. ಮೊದಲನೆಯದು ಕಸ, ಎರಡನೆಯದನ್ನು ಅಳಿಸಿದರೆ ವಿಂಡೋಸ್ ಪುನಃ ಕಟ್ಟಿಕೊಳ್ಳುತ್ತದೆ, ಮೂರನೆಯದು ವಿಂಡೋಸಿನ ಕರುಳು. ನಂಬಿಕೆ ಬರಲೆಂದು ನಿರಪಾಯದ ಎರಡನ್ನು ಮುಂದಿಟ್ಟು ಮಾರಕವಾದ ಒಂದನ್ನು ಹಿಂದಿಡುವುದು ಹಳೆಯ ಕುಚೋದ್ಯ. ಫಾರ್ವರ್ಡ್ ಹಾಕಬೇಡಿ ಎಂದು ನಿರ್ವಾಹಕರು ಮೊದಲ ಸಾಲಿನಲ್ಲೇ ಬರೆದಿದ್ದಾರೆ.

ಹಾಸನದ ಸದಸ್ಯರು: ಗೊತ್ತಿಲ್ಲದ್ದಕ್ಕೆ ಕೇಳಿದ್ದು. ಇಷ್ಟು ಗದರಬೇಕಿಲ್ಲ.

ಇಂಜಿನಿಯರ್: ಚಂದಾ ಬೇಡವೆಂದರೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶವಿದೆ.

ಡಿಟಿಪಿಯವರು: ನಮ್ಮ ಗಿರಾಕಿಯ ಕಡತಗಳೆಲ್ಲ ಪೇಜ್‌ಮೇಕರಿನಲ್ಲಿವೆ ಎಂದರೆ ಅರ್ಥವಾಗದವರ ಜೊತೆ ಮಾತಿಲ್ಲ.

ನಿರ್ವಾಹಕರು: ಇಬ್ಬರೂ ಖಾಸಗಿಯಾಗಿ ಮುಂದುವರಿಸಿಕೊಳ್ಳಿ. ಇದು ಕೊನೆಯ ಎಚ್ಚರಿಕೆ.

ಚಿತ್ರದುರ್ಗದ ಸದಸ್ಯರು: ಪ್ರಿಂಟರ್ ಬಗ್ಗೆ ಕೇಳಿ ಒಂದೂವರೆ ಗಂಟೆಯಾಯಿತು. ಫಾಂಟಿನ ಜಗಳಕ್ಕೆ ಸಮಯವಿದೆ.

ಮುಖ್ಯೋಪಾಧ್ಯಾಯಿನಿ: ಮೇಷ್ಟ್ರೇ, ಅಂಗಡಿಯವರು ಫೋನ್ ಎತ್ತುತ್ತಿಲ್ಲ. ಪೆನ್ ಡ್ರೈವ್ ಮಗನ ಚೀಲದಲ್ಲಿ ಸಿಕ್ಕಿತು. ಕಡತ ತೆರೆದಿಲ್ಲ. ಮಾಡಿಫೈಡ್ ಎಂಬಲ್ಲಿ ಕಳೆದ ತಿಂಗಳ ದಿನಾಂಕವಿದೆ. ಲ್ಯಾಪ್‌ಟಾಪಿನಲ್ಲಿರುವುದರ ಮೇಲೆ ಇವತ್ತಿನದಿದೆ.

ಮೇಷ್ಟ್ರು: ಬದುಕಿದಿರಿ. ನೀವು ತಿದ್ದಿದ್ದು ನಕಲನ್ನು, ಮೂಲ ಮುಟ್ಟಿಲ್ಲ. ಅದನ್ನು ಪೆನ್ ಡ್ರೈವಿನಿಂದಲೇ ತೆರೆಯಬೇಡಿ. ಡೆಸ್ಕ್‌ಟಾಪಿನಲ್ಲಿ ‘ಮೂಲ’ ಎಂಬ ಹೊಸ ಫೋಲ್ಡರ್ ಮಾಡಿ, ಅದರೊಳಗೆ ಕಾಪಿ ಮಾಡಿ, ಪೆನ್ ಡ್ರೈವನ್ನು ಬೀರುವಿನಲ್ಲಿಡಿ. ಇನ್ನೊಂದು ಪ್ರತಿಯನ್ನು ಮಗನಿಗೆ ಇಮೇಲ್ ಮಾಡಿ.

ನುಡಿ ಹಾಕಿಸಿದ ಮೇಲೆ, ಒಂದಕ್ಷರ ಟೈಪ್ ಮಾಡುವ ಮೊದಲೇ ವರ್ಡ್‌ನಲ್ಲಿ ಫೈಲ್, ಆಪ್ಶನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಶನ್ಸ್ ಎಂದು ಒಂದೊಂದಾಗಿ ಒಳಹೊಕ್ಕು, ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಗುರುತನ್ನು ತೆಗೆಯಿರಿ. ತೆಗೆಯದಿದ್ದರೆ ವಾಕ್ಯದ ಆರಂಭದ ‘ಜನ’ವನ್ನು ಅದು ‘ಆನ’ ಮಾಡುತ್ತದೆ, ‘ಚಿಕ್ಕ’ ಎಂಬುದರ ‘ಚಿ’ಯ ಜಾಗದಲ್ಲಿ ಬರೀ ಸೊನ್ನೆ ನಿಲ್ಲಿಸುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಇದನ್ನು ಯಾರೋ ನಿಮಗೆ ಹೇಳದೆಯೇ ಮಾಡಿಕೊಟ್ಟಿರಬೇಕು. ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಆಮೇಲಿನದು, ಶನಿವಾರ ಬಂದರೆ ಎದುರಿಗೇ ಕೂತು ಮಾಡೋಣ.

ಮುಖ್ಯೋಪಾಧ್ಯಾಯಿನಿ: ಬರುತ್ತೇನೆ. ಆ ಹನ್ನೆರಡು ಪುಟಗಳ ನಕಲನ್ನು ಅಳಿಸಲೇ?

ಮೇಷ್ಟ್ರು: ಶನಿವಾರದವರೆಗೆ ಏನನ್ನೂ ಅಳಿಸಬೇಡಿ.

ಬಳ್ಳಾರಿಯ ಸದಸ್ಯರು: ಈಗ ಸೇರಿದೆ. ಸರ್, ರಿಫ್ರೆಶ್ ಎಷ್ಟು ಸಲ ಕೊಡಬೇಕು?

ನಿರ್ವಾಹಕರು: ಒಂಬತ್ತಾಯಿತು. ಮುಚ್ಚುತ್ತಿದ್ದೇನೆ.