2017ರ 17 ವರ್ಷದೊಳಗಿನ ಫುಟ್‌ಬಾಲ್ ತಂಡ: ಮೂರು ಸೋಲು, ಒಂದು ಗೋಲು. ಮಗನಿಗೆ ಏನು ಹೇಳಲಿ?

ಎಡಗಾಲು ಹುಡುಗನ ಅಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 13 ವರ್ಷ. ಎಡಗಾಲಿನ ಆಟಗಾರ, ಬೆಳಗ್ಗೆ ಎದ್ದರೆ ಬಾಲ್, ಮಲಗುವಾಗಲೂ ಬಾಲ್. ಮೊನ್ನೆ ಊಟಕ್ಕೆ ಕೂತಾಗ "ಅಪ್ಪಾ, ಇಂಡಿಯಾ ಯಾವತ್ತಾದ್ರೂ ವಿಶ್ವಕಪ್ ಆಡಿದೆಯಾ?" ಅಂತ ಕೇಳಿದ. ಹುಡುಗರ ವಿಶ್ವಕಪ್ 2017ರಲ್ಲಿ ನಮ್ಮಲ್ಲೇ ನಡೆದಿತ್ತು, ಆಗ ಆಡಿದ್ದರು ಅಂದೆ. ತಕ್ಷಣ ಫೋನಲ್ಲಿ ಹುಡುಕಿದ. ಅಮೆರಿಕ ವಿರುದ್ಧ 0-3, ಕೊಲಂಬಿಯಾ ವಿರುದ್ಧ 1-2, ಘಾನಾ ವಿರುದ್ಧ 0-4. ಒಂದು ಪಾಯಿಂಟೂ ಇಲ್ಲ. "ಹಾಗಾದ್ರೆ ಅವರಿಗೆ ಆಡೋಕೆ ಬರ್ತಿರಲಿಲ್ವಾ?" ಅಂದ.

ನಾನು ಆ ಪಂದ್ಯಗಳನ್ನು ನೋಡಿರಲಿಲ್ಲ, ಏನು ಹೇಳಬೇಕೋ ತೋಚಲಿಲ್ಲ. ನೋಡಿದವರು ಯಾರಾದರೂ ಇದ್ದರೆ ಹೇಳಿ. ಆ ತಂಡ ಹೇಗಿತ್ತು? ಆಮೇಲೆ ಬಂದವರು ಸುಧಾರಿಸಿದ್ದಾರಾ?

ಮೇಲಿನ ಸ್ಟ್ಯಾಂಡ್:

ಸರ್, ಅಕ್ಟೋಬರ್ 9ರ ರಾತ್ರಿ ಕೊಲಂಬಿಯಾ ಪಂದ್ಯಕ್ಕೆ ನಾನು ದೆಹಲಿಯ ನೆಹರೂ ಸ್ಟೇಡಿಯಂನಲ್ಲೇ ಇದ್ದೆ. ಆಗ ಕೆಲಸ ಗುರುಗ್ರಾಮದಲ್ಲಿ. ಆಫೀಸಿನಿಂದ ಮೆಟ್ರೋ ಹಿಡಿದು ನೇರ ಹೋಗಿದ್ದೆ. ನಮ್ಮ ಮುಂದಿನ ಸಾಲಿನಲ್ಲಿ ಮಣಿಪುರದ ಕಾಲೇಜು ಹುಡುಗರು. 21 ಜನರ ತಂಡದಲ್ಲಿ 8 ಜನ ಮಣಿಪುರದವರೇ, ಕ್ಯಾಪ್ಟನ್ ಅಮರ್‌ಜಿತ್ ಕೂಡ. ಹಾಗಾಗಿ ಅವರಿಗೆ ಅದು ಮನೆ ಹುಡುಗರ ಪಂದ್ಯ.

ಮೊದಲ ಅರ್ಧದಲ್ಲಿ ಗೋಲ್‌ಕೀಪರ್ ಧೀರಜ್ ಎಷ್ಟು ಬಾಲ್ ತಡೆದ ಅಂತ ಲೆಕ್ಕ ಇಡೋದನ್ನೇ ಬಿಟ್ಟೆವು. ವಿರಾಮಕ್ಕೆ ಸ್ವಲ್ಪ ಮುಂಚೆ ನಮ್ಮ ರಾಹುಲ್ ಹೊಡೆದದ್ದು ಪೋಸ್ಟಿಗೆ ಬಡಿಯಿತು. ಅದು ಒಳಗೆ ಹೋಗಿದ್ದರೆ! 49ನೇ ನಿಮಿಷಕ್ಕೆ ಕೊಲಂಬಿಯಾದ ಪೆನಲೋಸಾ ಗೋಲು ಹೊಡೆದ. ಆದರೂ ನಮ್ಮವರು ಕುಗ್ಗಲಿಲ್ಲ. 82ನೇ ನಿಮಿಷಕ್ಕೆ ಕಾರ್ನರ್ ಸಿಕ್ಕಿತು. ತೆಗೆದುಕೊಂಡವನು ಸಂಜೀವ್ ಸ್ಟಾಲಿನ್, ನಮ್ಮ ಬೆಂಗಳೂರಿನ ಹುಡುಗ. ನಿಮ್ಮ ಮಗನಿಗೆ ಇದನ್ನು ಮರೀದೆ ಹೇಳಿ, ಅವನದೂ ಎಡಗಾಲೇ. ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಫಿಫಾ ವಿಶ್ವಕಪ್‌ನಲ್ಲಿ ಭಾರತ ಹೊಡೆದ ಮೊದಲ ಗೋಲು ಅದು. ಮುಂದಿನ ಸಾಲಿನ ಹುಡುಗನೊಬ್ಬ ಹಿಂದೆ ತಿರುಗಿ ನನ್ನನ್ನು ತಬ್ಬಿಕೊಂಡ. ಅವನ ಹೆಸರೂ ನನಗೆ ಗೊತ್ತಿಲ್ಲ.

ಅವನ ಕೈ ನನ್ನ ಹೆಗಲ ಮೇಲೆ ಇದ್ದಾಗಲೇ ಕೊಲಂಬಿಯಾ ಎರಡನೇ ಗೋಲು ಹೊಡೆಯಿತು. 83ನೇ ನಿಮಿಷ. ಅದೇ ಪೆನಲೋಸಾ. ಅಷ್ಟು ದೊಡ್ಡ ಸ್ಟೇಡಿಯಂ ಒಂದೇ ಸಲಕ್ಕೆ ಸುಮ್ಮನಾಯಿತು.

ನನ್ನ ಉತ್ತರ ಆ ಒಂದು ನಿಮಿಷದಲ್ಲೇ ಇದೆ ಸರ್. ಆಡೋಕೆ ಬರುತ್ತಿತ್ತು. ಗೋಲು ಹೊಡೆದ ಮರುಕ್ಷಣ ತಲೆ ತಣ್ಣಗಿಟ್ಟುಕೊಂಡು ಜಾಗಕ್ಕೆ ವಾಪಸ್ ಬರೋದು ಮಾತ್ರ ಬರುತ್ತಿರಲಿಲ್ಲ. ಅದು ತರಬೇತಿ ಶಿಬಿರದಲ್ಲಿ ಬರೋದಿಲ್ಲ, ಗಟ್ಟಿ ಪಂದ್ಯಗಳನ್ನು ಆಡಿ ಆಡಿ ಬರಬೇಕು. ಅಮೆರಿಕ ವಿರುದ್ಧವೂ ಹೀಗೇ ಆಗಿತ್ತು. ಅನ್ವರ್ ಅಲಿ ಹೊಡೆದ ಬಾಲ್ ಕ್ರಾಸ್‌ಬಾರಿಗೆ ಬಡಿಯಿತು, ಅದೇ ಓಟದಲ್ಲಿ ಅವರು ಈ ಕಡೆ ಬಂದು ಮೂರನೇ ಗೋಲು ಹೊಡೆದರು. ಘಾನಾ ಪಂದ್ಯದ ಹೊತ್ತಿಗೆ ಹುಡುಗರ ಕಾಲಲ್ಲಿ ಶಕ್ತಿ ಉಳಿದಿರಲಿಲ್ಲ. ಕೊನೆಯ ಎರಡು ಗೋಲು 86 ಮತ್ತು 87ನೇ ನಿಮಿಷದಲ್ಲಿ ಬಿದ್ದವು.

ಆ ತಂಡದ ಜೀಕ್ಸನ್, ಅನ್ವರ್, ಸುರೇಶ್, ಅಮರ್‌ಜಿತ್, ರಹೀಮ್ ಅಲಿ ಎಲ್ಲರೂ ಆಮೇಲೆ ದೊಡ್ಡವರ ತಂಡಕ್ಕೂ ಆಡಿದರು. ಸುರೇಶ್ ಅಂತೂ ನಮ್ಮ ಬೆಂಗಳೂರು ಎಫ್‌ಸಿಗೇ ಬಂದ.

ಹಳೇ ಡಿಫೆಂಡರ್:

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಸಾಕ್ಷಿ ಮರುವರ್ಷದ ತಂಡ. 2018ರಲ್ಲಿ ಕೋಚ್ ಬಿಬಿಯಾನೊ ಫರ್ನಾಂಡಿಸ್ ಅವರ 16 ವರ್ಷದೊಳಗಿನ ಹುಡುಗರು ಮೊದಲು ಜೋರ್ಡಾನ್‌ನಲ್ಲಿ ಇರಾಕ್ ತಂಡವನ್ನು 1-0ಗೆ ಸೋಲಿಸಿದರು. ಆಗ ಇರಾಕ್ ಏಷ್ಯಾ ಚಾಂಪಿಯನ್. ಆಮೇಲೆ ಮಲೇಷ್ಯಾದಲ್ಲಿ ಏಷ್ಯಾ ಕಪ್. ವಿಯೆಟ್ನಾಂ ಮೇಲೆ 1-0, ಇರಾನ್ 0-0, ಇಂಡೋನೇಷ್ಯಾ 0-0. ಗುಂಪಿನ ಮೂರು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ! ಡಿಫೆನ್ಸ್‌ನಲ್ಲಿ ಆಡಿದವನಿಗೆ ಇದರ ಬೆಲೆ ಗೊತ್ತು. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 0-1. ಅದೊಂದು ಗೆದ್ದಿದ್ದರೆ ಯಾರ ಹಂಗೂ ಇಲ್ಲದೆ 2019ರ ವಿಶ್ವಕಪ್‌ಗೆ ಹೋಗುತ್ತಿದ್ದರು. 2017ರಲ್ಲಿ ಆತಿಥೇಯರು ಅಂತ ಜಾಗ ಸಿಕ್ಕಿದ್ದು, ಅಲ್ವಾ? ಆ ವ್ಯತ್ಯಾಸ ದೊಡ್ಡದು.

ನನಗೆ ಬೇಜಾರು ಒಂದೇ. 2017ರ ವಿಶ್ವಕಪ್ ಮುಗಿದ ಮೇಲೆ ಆ ಹುಡುಗರಿಗೆ ದೇಶದ ಕ್ಲಬ್‌ಗಳ ಟೂರ್ನಿಯಾದ ಐ-ಲೀಗ್‌ನಲ್ಲಿ ಇಂಡಿಯನ್ ಆರೋಸ್ ಅಂತ ತಂಡ ಇತ್ತು. ವಾರ ವಾರ ದೊಡ್ಡವರ ಎದುರು ಆಡುತ್ತಿದ್ದರು. 2022ರಲ್ಲಿ ಅದನ್ನು ಮುಚ್ಚಿದರು.

ಸಂಜೆ ಐದರ ಆಟ:

ದಕ್ಷಿಣ ಏಷ್ಯಾ ದೇಶಗಳ ಹುಡುಗರು ಆಡುವ ಸ್ಯಾಫ್ ಕಪ್ ಲೆಕ್ಕವನ್ನೂ ಹುಡುಗನಿಗೆ ತೋರಿಸಿ. 2022ರಲ್ಲಿ ಕೊಲಂಬೊದಲ್ಲಿ ನೇಪಾಳ ಮೇಲೆ ಫೈನಲ್ 4-0. ಮುಂದಿನ ಎರಡು ವರ್ಷವೂ ಫೈನಲ್‌ನಲ್ಲಿ ಬಾಂಗ್ಲಾದೇಶವನ್ನು 2-0 ಅಂತ ಸೋಲಿಸಿದರು. ಅಕ್ಕಪಕ್ಕದವರ ಮೇಲೆ ಗೆಲ್ಲುತ್ತೇವೆ. ಏಷ್ಯಾ ಮಟ್ಟಕ್ಕೆ ಹೋದರೆ ಕಷ್ಟ. 2023ರಲ್ಲಿ ಥಾಯ್ಲೆಂಡ್‌ನಲ್ಲಿ ಜಪಾನ್ ಎದುರು 4-8. ಆ ಸಲ ಕಪ್ ಗೆದ್ದ ತಂಡಕ್ಕೆ ನಾಲ್ಕು ಗೋಲು ಹೊಡೆದೆವು, ಎಂಟು ಬಿಟ್ಟೆವು.

ಇನ್ನೂ ಹಿಂದೆ ಹೋದರೆ 1974. ಬ್ಯಾಂಕಾಕ್‌ನಲ್ಲಿ ಏಷ್ಯಾ ಯುವ ಚಾಂಪಿಯನ್‌ಶಿಪ್ ಫೈನಲ್, ಇರಾನ್ ಜೊತೆ 2-2, ಇಬ್ಬರಿಗೂ ಪ್ರಶಸ್ತಿ. ಶಬ್ಬೀರ್ ಅಲಿ ಕ್ಯಾಪ್ಟನ್.

ಎಡಗಾಲು ಹುಡುಗನ ಅಪ್ಪ:

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ಕಾರ್ನರ್ ಹೊಡೆದವನು ಬೆಂಗಳೂರಿನವನು ಅಂದಾಗ ಎದ್ದು ಕೂತ. ಆ ಗೋಲಿನ ವಿಡಿಯೋ ನಾಲ್ಕು ಸಲ ನೋಡಿದ. ಆಮೇಲೆ 83ನೇ ನಿಮಿಷವನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದ. "ಅಪ್ಪಾ, ಇಲ್ಲಿ ಇವನನ್ನು ಯಾರು ಮಾರ್ಕ್ ಮಾಡಬೇಕಿತ್ತು?" ಅಂತ ಕೇಳುತ್ತಿದ್ದಾನೆ. ಹಳೇ ಡಿಫೆಂಡರ್ ಸರ್, ಇದಕ್ಕೆ ನೀವೇ ಉತ್ತರ ಹೇಳಬೇಕು.