ಬ್ರೂಟಸ್ ಯಾಕೆ ಒಪ್ಪಿದ? ರೋಮ್ ಕಥೆಯನ್ನು ಸಂಗೀತ ನಾಟಕ ಮಾಡಿದವರು ಹೇಳಿ

ಹೊಸ ತಂಡ:
ಎಲ್ಲರಿಗೂ ನಮಸ್ಕಾರ. ರೋಮಿನ ಸರ್ವಾಧಿಕಾರಿ ಸೀಸರ್ ಕೊಲೆಯ ಮೇಲೆ (ಕ್ರಿ.ಪೂ. 44) ಎರಡು ಗಂಟೆಯ ಸಂಗೀತ ನಾಟಕ ಬರೆಯುತ್ತಿದ್ದೇವೆ. ತಂಡದಲ್ಲಿ 9 ಜನ, ಅದರಲ್ಲಿ ಇಬ್ಬರು ಹೆಂಗಸರು. ಕೈಯಲ್ಲಿರುವುದು 80 ಸಾವಿರ. ಒಂದು ಕಡೆ ಸಿಕ್ಕಿಕೊಂಡಿದ್ದೇವೆ. ಕೊಂದವರಲ್ಲಿ ಒಬ್ಬನಾದ ಬ್ರೂಟಸ್‌ಗೆ ಕೊಲೆಗೆ ಮುಂಚೆ ಒಂದು ಹಾಡು ಬೇಕು, ಅವನು ಯಾಕೆ ಒಪ್ಪಿದ ಅಂತ ಅದರಲ್ಲಿ ಗೊತ್ತಾಗಬೇಕು. ಗಣರಾಜ್ಯದ ಮೇಲಿನ ಪ್ರೀತಿ ಅಷ್ಟೇ ಸಾಕಾ? ಮಾಡಿದವರು ನಿಮ್ಮ ಅನುಭವ ಹೇಳಿ.

ಸೈಡ್‌ವಿಂಗ್:
ನಾಲ್ಕು ವರ್ಷದ ಹಿಂದೆ ಇದೇ ಕಥೆ ಮಾಡಿ ಕೈ ಸುಟ್ಟುಕೊಂಡವನು ನಾನು. ನಮ್ಮ ಬ್ರೂಟಸ್ ಅಪ್ಪಟ ಚಿನ್ನ. ಅವನಿಗೆ ಮೂರು ಹಾಡು, ಮೂರೂ ಸ್ವಾತಂತ್ರ್ಯದ ಮೇಲೆ. ಒಂದು ಮೋಹನ, ಒಂದು ಹಂಸಧ್ವನಿ, ಕೊನೆಯದು ಶಿವರಂಜನಿ. ಹುಡುಗನ ಕಂಠ ಚೆನ್ನಾಗಿತ್ತು. ಆದರೂ ಜನ ಅಲ್ಲಾಡಲಿಲ್ಲ. ಒನ್ಸ್ ಮೋರ್ ಬಂದಿದ್ದು ಸೀಸರ್‌ನ ಬಲಗೈ ಆಂಟನಿಗೆ! ಅದೂ ಸೀಸರ್‌ನ ಉಯಿಲು ಓದುವ ಹಾಡಿಗೆ. ತಲೆಗೆ 300 ಸೆಸ್ಟರ್ಸ್ (ರೋಮಿನ ನಾಣ್ಯ), ಟೈಬರ್ ನದಿಯಾಚೆಯ ತೋಟ ಊರಿಗೇ ಅಂದ ತಕ್ಷಣ ಶಿಳ್ಳೆ.

ಖರ್ಚು ಬರೆದಿಟ್ಟಿದ್ದೇನೆ. ಸಭಾಂಗಣ 18,000. ಲೈಟು 14,500. ಕಾಲರ್ ಮೈಕ್ ಆರು, ದಿನಕ್ಕೆ ತಲಾ 900, ಎರಡು ದಿನಕ್ಕೆ 10,800. ಅದರಲ್ಲಿ ಎರಡರ ಸೆಲ್ಲು ಎರಡನೇ ಅಂಕದಲ್ಲೇ ಸತ್ತಿತು. ರೋಮಿನವರು ಮೈಗೆ ಸುತ್ತುವ ಟೋಗಾಕ್ಕೆ ಕೋರಾ ಬಟ್ಟೆ 46 ಮೀಟರ್. ರಕ್ತಕ್ಕೆ ಅಂತ ಕಲಸಿದ ಕುಂಕುಮದ ನೀರು ಬಾಡಿಗೆ ಕಾರ್ಪೆಟ್ಟಿಗೆ ಹಿಡಿದು 3,200 ದಂಡ. 23 ಇರಿತ ಅಂತ ಒಂದೊಂದೇ ಲೆಕ್ಕ ಹಾಕಿ ಇರಿಸಿದ್ದು ನನ್ನ ಹುಚ್ಚು. ಹದಿನೈದನೆಯದಕ್ಕೆ ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಎರಡನೇ ದಿನ ಹೋದ ಟಿಕೆಟ್ 61, ಅದರಲ್ಲಿ ಅರ್ಧ ನಮ್ಮ ನೆಂಟರು.

ಆದರೂ ಹೇಳುತ್ತೇನೆ, ಬ್ರೂಟಸ್ ಸಾಚಾ. ಅವನ ಅಪ್ಪನನ್ನು ಕೊಲ್ಲಿಸಿದ್ದು ಪಾಂಪೆ. ಸೀಸರ್‌ಗೂ ಪಾಂಪೆಗೂ ಯುದ್ಧ ಬಂದಾಗ ಅದೇ ಪಾಂಪೆ ಪಕ್ಷಕ್ಕೆ ಹೋಗಿ ನಿಂತ. ಸ್ವಾರ್ಥಿ ಯಾರಾದರೂ ಹಾಗೆ ಮಾಡುತ್ತಾನಾ?

ಬಡ್ಡಿ ಲೆಕ್ಕ:
ಸಾಚಾ ಅಂತೆ. ಸೈಪ್ರಸ್‌ನ ಸಲಾಮಿಸ್ ಊರಿನವರನ್ನು ಕೇಳಿ, ಅವರು ಹೇಳುತ್ತಾರೆ ಎಷ್ಟು ಸಾಚಾ ಅಂತ. ಬೇನಾಮಿ ಹೆಸರಲ್ಲಿ ಸಾಲ ಕೊಟ್ಟು ವರ್ಷಕ್ಕೆ ನೂರಕ್ಕೆ 48 ಬಡ್ಡಿ. ವಸೂಲಿಗೆ ಹೋದ ಸ್ಕಾಪ್ಟಿಯಸ್ ಕುದುರೆ ಪಡೆ ತಂದು ಊರ ಹಿರಿಯರನ್ನು ಅವರ ಸಭೆಯ ಕಟ್ಟಡದಲ್ಲೇ ಕೂಡಿಹಾಕಿದ. ಐದು ಜನ ಹಸಿವಿನಿಂದ ಸತ್ತರು. ಆ ಪಡೆ ಕೊಟ್ಟವನು ಆಗಿನ ಗವರ್ನರ್, ಬ್ರೂಟಸ್‌ನ ಸ್ವಂತ ಮಾವ, ಆಗಿನ ಹೆಂಡತಿಯ ಅಪ್ಪ. ಆಮೇಲೆ ಗವರ್ನರ್ ಆಗಿ ಬಂದ ಸಿಸೆರೊ 12ರ ಮೇಲೆ ಬಡ್ಡಿ ಇಲ್ಲ ಅಂದ. ದುಡ್ಡು ಬ್ರೂಟಸ್‌ದೇ ಅಂತ ಅವನಿಗೂ ತಡವಾಗಿ ಗೊತ್ತಾಗಿದ್ದು.

ನಾವು ಮೊದಲ ಅಂಕ ಪೂರ್ತಿ ಇದನ್ನೇ ಮಾಡಿದೆವು. ಬಡ್ಡಿ ಹಾಡು ಕಂಪನಿ ನಾಟಕದ ಮಟ್ಟಿನಲ್ಲಿ, ಹಾರ್ಮೋನಿಯಂ ಮತ್ತು ತಬಲಾ ಮಾತ್ರ. ಮೂರು ಒನ್ಸ್ ಮೋರ್! ಆದರೆ ಅದಕ್ಕೆ ಮುಂಚೆ ಪಟ್ಟ ಪಾಡು ಕೇಳಬೇಡಿ. ಬ್ರೂಟಸ್ ಪಾತ್ರಧಾರಿ ಏಳು ವಾರ ತಾಲೀಮು ಮಾಡಿ ಕೈಕೊಟ್ಟ. 'ನಾನು ಹೀರೊ ಅಂತ ಒಪ್ಪಿದ್ದು, ಮೀಟರ್ ಬಡ್ಡಿಯವನು ಅಂತ ಅಲ್ಲ' ಅಂದ. ತಾಲೀಮಿನ ಕೋಣೆಗೆ ದಿನಕ್ಕೆ 350ರಂತೆ 49 ದಿನ. ನೀವೇ ಗುಣಿಸಿ. ಕೊನೆಗೆ ತಬಲಾ ಬಾರಿಸುವವರ ತಮ್ಮನೇ ಬಂದು ಮಾಡಿದ. ಅವನೇ ಚೆನ್ನಾಗಿ ಮಾಡಿದ ಅನ್ನಿ.

ಸೈಡ್‌ವಿಂಗ್:
ಸ್ವಾಮಿ, ಬಡ್ಡಿಗೂ ಚಾಕುವಿಗೂ ಏನು ಸಂಬಂಧ? ಸೀಸರ್ ಅವನ ಸಾಲ ಮುಳುಗಿಸಿರಲಿಲ್ಲ. ಕ್ಷಮಿಸಿದ, ಪ್ರಾಂತ್ಯ ಕೊಟ್ಟ, ಪ್ರೇಟರ್ ಅನ್ನುವ ದೊಡ್ಡ ನ್ಯಾಯಾಧಿಕಾರಿ ಮಾಡಿದ. ದುಡ್ಡಿನ ಆಸೆ ಇದ್ದಿದ್ದರೆ ಸುಮ್ನೆ ಕೂತಿದ್ದರೆ ಆಗುತ್ತಿತ್ತು. ನಿಮಗೆ ಸಿಕ್ಕ ಒನ್ಸ್ ಮೋರ್ ಬ್ರೂಟಸ್‌ಗಲ್ಲ, ಹಾರ್ಮೋನಿಯಂಗೆ.

ಬಡ್ಡಿ ಲೆಕ್ಕ:
ನಿಮಗೆ ಹಾರ್ಮೋನಿಯಂಗೂ ಸಿಗಲಿಲ್ಲವಲ್ಲ. ಟ್ರ್ಯಾಕ್ ಹಾಕಿ ಹಾಡಿಸಿದರೆ ಹಾಗೇ. ಅದೂ ನಡುವೆ ನಿಂತುಹೋಯಿತು ಅಂತ ನಿಮ್ಮ ತಂಡದವರೇ ಹೇಳಿದರು.

ಸೈಡ್‌ವಿಂಗ್:
ಒಂದು ಸಲ ನಿಂತಿದ್ದು. ಕರೆಂಟ್ ಹೋಗಿತ್ತು.

ಅಮ್ಮನ ಪಾತ್ರ:
ಇಬ್ಬರೂ ಗಂಡಸರು ಸೇರಿ ಸರ್ವಿಲಿಯಾನ ಮರೆತಿರಿ, ನೋಡಿ. ಬ್ರೂಟಸ್‌ನ ತಾಯಿ, ಸೀಸರ್‌ನ ಪ್ರಿಯತಮೆ, ಸೀಸರ್‌ನ ಕಡು ವಿರೋಧಿ ಕ್ಯಾಟೊನ ಅಕ್ಕ. ಮೂರು ಕಡೆಗೂ ಹಗ್ಗ ಕಟ್ಟಿರುವುದು ಈ ಒಬ್ಬಳಿಗೆ. ನಮ್ಮ ನಾಟಕದಲ್ಲಿ ಅವಳೇ ಮುಖ್ಯ, ಅವಳಿಗೇ ಏಳು ಹಾಡು. ಹೌದು, ಆ ಪಾತ್ರ ನಾನೇ ಮಾಡಿದ್ದು.

ಮೊದಲ ದೃಶ್ಯ ಕ್ರಿ.ಪೂ. 63ರ ಸೆನೆಟ್. ಸೀಸರ್ ಕೈಗೆ ಒಂದು ಚೀಟಿ ಬರುತ್ತದೆ. ಪಿತೂರಿ ಪತ್ರ ಅಂತ ಕ್ಯಾಟೊ ಕೂಗಾಡುತ್ತಾನೆ. ಕಿತ್ತುಕೊಂಡು ಓದಿದರೆ ತನ್ನ ಅಕ್ಕನ ಪ್ರೇಮಪತ್ರ! 'ತಗೋ, ಕುಡುಕ' ಅಂತ ವಾಪಸ್ ಎಸೆಯುತ್ತಾನೆ. ಇದಕ್ಕಿಂತ ಒಳ್ಳೆ ಪ್ರವೇಶ ಯಾವ ಹೆಂಗಸಿಗೆ ಸಿಕ್ಕಿದೆ, ಹೇಳಿ? ಅವಳು ರಂಗದ ಮೇಲೆ ಇಲ್ಲದೆಯೇ ಪ್ರವೇಶ. ಕೊನೆಯ ದೃಶ್ಯ ಕ್ರಿ.ಪೂ. 44ರ ಜೂನ್, ಆಂಟಿಯಂ ಅನ್ನುವ ಊರು. ಕೊಂದವರಿಗೆ ಸೆನೆಟ್ ಕೊಟ್ಟಿದ್ದು ಧಾನ್ಯ ಕೊಳ್ಳುವ ಕೆಲಸ. ಎಂಥ ಅವಮಾನ. ಮಗ, ಸೊಸೆ ಪೋರ್ಷಿಯಾ, ಮಗಳು, ಕೊಲೆಯಲ್ಲಿ ಜೊತೆಗಿದ್ದ ಅಳಿಯ ಕ್ಯಾಸಿಯಸ್ ಎಲ್ಲ ಕೂತಿದ್ದಾರೆ. ಸಿಸೆರೊ ಆಗಲೇ ಹೀಗೆ ಮಾಡಬೇಕಿತ್ತು ಅಂತ ಶುರು ಮಾಡಿದರೆ ಅವನ ಬಾಯಿ ಮುಚ್ಚಿಸುತ್ತಾಳೆ. ಆ ಕೆಲಸ ಸೆನೆಟ್ ನಿರ್ಣಯದಿಂದ ತೆಗೆಸುತ್ತೇನೆ ಅಂತ ಮಾತು ಕೊಡುತ್ತಾಳೆ. ಪ್ರಿಯಕರನನ್ನು ಕೊಂದ ಮಗನಿಗೋಸ್ಕರ!

ಸೀಸರ್ ಅವಳಿಗೆ ಕೊಟ್ಟ ಮುತ್ತಿನ ಬೆಲೆ 60 ಲಕ್ಷ ಸೆಸ್ಟರ್ಸ್. ನಮ್ಮದು 60 ರೂಪಾಯಿ. ಮೂರನೇ ಪ್ರದರ್ಶನದಲ್ಲಿ ಅದು ಕೈ ಜಾರಿ ಉರುಳಿ ರಂಗದ ಅಂಚು ದಾಟಿ ಮುಂದಿನ ಸಾಲಿನ ಮಗುವಿನ ಕೈ ಸೇರಿತು. ಮಗು ಕೊಡಲಿಲ್ಲ. ವಿರಹದ ಹಾಡನ್ನು ಬರಿಗೈ ನೋಡಿಕೊಂಡು ಹಾಡಿದೆ. ಪತ್ರಿಕೆಯಲ್ಲಿ 'ಸಾಂಕೇತಿಕ ಅಭಿನಯ' ಅಂತ ಬರೆದರು.

ಬಡ್ಡಿ ಲೆಕ್ಕ:
ಮೇಡಂ, ಹಾಗಿದ್ದರೆ ಬ್ರೂಟಸ್ ಸೀಸರ್‌ನ ಮಗನೇ ಅಂತ ತೋರಿಸಬಹುದಿತ್ತಲ್ಲ. ಜನಕ್ಕೆ ಬೇಕಾಗಿರುವುದು ಅದೇ.

ಅಮ್ಮನ ಪಾತ್ರ:
ಬ್ರೂಟಸ್ ಹುಟ್ಟಿದಾಗ ಸೀಸರ್‌ಗೆ 15 ವರ್ಷ. ಬಡ್ಡಿ ಲೆಕ್ಕ ಬರುವವರಿಗೆ ಈ ಲೆಕ್ಕವೂ ಬರಬೇಕಲ್ವಾ?

ಮುರಿದ ಬೆಂಚು:
ಎಲ್ಲರೂ ಸೀಸರ್ ಹಿಂದೆ ಯಾಕೆ ಬೀಳುತ್ತೀರೋ. ನಾವು ಮಾಡಿದ್ದು ರೋಮಿನ ಟ್ರಿಬ್ಯೂನ್ (ಜನರ ಪ್ರತಿನಿಧಿ) ಟೈಬೀರಿಯಸ್ ಗ್ರಾಕಸ್, ಕ್ರಿ.ಪೂ. 133. ಜಮೀನಿನ ಕಥೆ. ಸಾರ್ವಜನಿಕ ಭೂಮಿ ಒಬ್ಬನಿಗೆ 500 ಯೂಗೆರಾ (ರೋಮಿನ ಜಮೀನಿನ ಅಳತೆ), ಅದರ ಮೇಲೆ ಇರುವುದು ಬಡವರಿಗೆ ಅಂದ. ಭೂಸುಧಾರಣೆ ಕಂಡ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯಲ್ಲಿ ಆಡಿದಾಗ ಒಬ್ಬ ಅಜ್ಜ ಎದ್ದು ನಿಂತು 'ನಮ್ಮದಿನ್ನೂ ಕೋರ್ಟಲ್ಲೇ ಇದೆ' ಅಂದ. ಮೇಳದವರು ನಿಲ್ಲಿಸಿ ಕೇಳಿಸಿಕೊಂಡರು.

ಅವನ ಒಳಗೂ ಎರಡು ಉರಿ. ದಾರಿಯಲ್ಲಿ ಹೊಲದ ತುಂಬ ಬರೀ ಗುಲಾಮರನ್ನು ಕಂಡ ನೋವು ಒಂದು. ಸ್ಪೇನಿನ ನುಮಾಂಟಿಯಾದ ಯುದ್ಧದಲ್ಲಿ ತಾನು ಕುದುರಿಸಿದ ಒಪ್ಪಂದವನ್ನು ಸೆನೆಟ್ ಕಸದ ಬುಟ್ಟಿಗೆ ಹಾಕಿದ ಸಿಟ್ಟು ಇನ್ನೊಂದು. ಮರುಕ ಯಾವುದು, ಸೇಡು ಯಾವುದು ಅಂತ ನಾವು ಬೇರೆ ಮಾಡಲಿಲ್ಲ. ಒಂದೇ ಪಲ್ಲವಿ, ಎರಡು ಚರಣ. ಇನ್ನೊಬ್ಬ ಟ್ರಿಬ್ಯೂನ್, ಗೆಳೆಯ ಅಕ್ಟೇವಿಯಸ್ ಅಡ್ಡ ನಿಂತಾಗ ಇಬ್ಬರಿಗೂ ಜೋಡಿ ಹಾಡು. ಇವನು ಬೇಡಿಕೊಳ್ಳುತ್ತಾನೆ, ಅವನು ಪ್ರತಿ ಸಾಲಿಗೂ 'ತಡೆಯುತ್ತೇನೆ' ಅನ್ನುತ್ತಾನೆ, ಅಷ್ಟೇ.

ನಷ್ಟ ಆಗಿದ್ದು ಕೊನೆಗೆ. ಸೆನೆಟ್‌ನವರು ಬೆಂಚಿನ ಕಾಲು ಮುರಿದು ಹೊಡೆದು ಕೊಂದರು ಅಂತ ಇದೆಯಲ್ಲ, ಹುಡುಗರು ಹುರುಪಿನಲ್ಲಿ ಸಭಾಂಗಣದ್ದೇ ಕುರ್ಚಿ ಮುರಿದರು. ಎಂಟು ಕುರ್ಚಿ, ತಲಾ 600. ಅವತ್ತು ಸತ್ತವರು 300ಕ್ಕಿಂತ ಜಾಸ್ತಿ, ನಮ್ಮ ಹತ್ತಿರ ಇದ್ದವರು ಆರು ಜನ. ಅವರೇ ಸತ್ತು, ಎದ್ದು, ಹಿಂದಿನಿಂದ ಬಂದು ಮತ್ತೆ ಸತ್ತರು.

ನೇರಳೆ ಅಂಚು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಸೈಡ್‌ವಿಂಗ್ ಅವರ ನಾಟಕ ನಾನು ನೋಡಿದ್ದೇನೆ. ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಬೋಳು ಟೋಗಾದಲ್ಲಿ ಬಂದರು. ಅವರು ಆ ವರ್ಷ ಪ್ರೇಟರ್‌ಗಳು, ನೇರಳೆ ಅಂಚು ಬೇಕೇ ಬೇಕು. ಬಡ್ಡಿ ಲೆಕ್ಕದವರು ತದ್ವಿರುದ್ಧ, ಸೆನೆಟರುಗಳಿಗೆಲ್ಲ ಅಂಚು ಹಾಕಿಸಿದ್ದರು. ಅಧಿಕಾರದಲ್ಲಿ ಇಲ್ಲದ ಸೆನೆಟರ್‌ಗೆ ಟೋಗಾ ಬಿಳಿ, ನೇರಳೆ ಪಟ್ಟೆ ಒಳಗಿನ ಅಂಗಿಗೆ.

ಇನ್ನು ಬ್ರೂಟಸ್ ಯಾಕೆ ಒಪ್ಪಿದ ಅನ್ನುವುದು ಬಿಡಿ, ಸೀಸರ್‌ನ ಆಪ್ತನಾಗಿದ್ದೂ ಕೊಂದವರ ಜೊತೆ ಸೇರಿದ ಡೆಸಿಮಸ್ ಯಾಕೆ ಒಪ್ಪಿದ? ಉಯಿಲಿನಲ್ಲಿ ಅವನ ಹೆಸರಿತ್ತು. ಹೆಂಡತಿ ಕೆಟ್ಟ ಕನಸು ಕಂಡಳು ಅಂತ ಮನೆಯಲ್ಲೇ ಉಳಿಯಲು ಹೊರಟ ಸೀಸರ್‌ನ ಪುಸಲಾಯಿಸಿ ಕರೆದುಕೊಂಡು ಹೋದವನು ಅವನು. ಹಾಡು ಅವನಿಗೆ ಕೊಡಿ.

ಬಡ್ಡಿ ಲೆಕ್ಕ:
ಅಂಚಿಗೆ ಮೀಟರಿಗೆ 90 ಕೊಟ್ಟವನು ನಾನು. ನೀವು ಬಂದಿದ್ದು ಪಾಸಿನಲ್ಲಿ.

ನೇರಳೆ ಅಂಚು:
ಟಿಕೆಟ್ ತೆಗೆದುಕೊಂಡೇ ಬಂದೆ. 150 ರೂಪಾಯಿ. ಚೀಟಿ ಇದೆ.

ಮುರಿದ ಬೆಂಚು:
ನಮ್ಮಲ್ಲಿ ಎಲ್ಲರೂ ಪಂಚೆ ಉಟ್ಟರು. ಯಾರೂ ಕೇಳಲಿಲ್ಲ.

ನೇರಳೆ ಅಂಚು:
ಅದಕ್ಕೇ ಹೇಳಿದ್ದು.

ಹೊಸ ತಂಡ:
ಎಲ್ಲರಿಗೂ ಧನ್ಯವಾದ. ತಂಡದಲ್ಲಿ ಕೂತು ಓದಿದೆವು. ಈಗ ಅರ್ಧ ಜನ ಸರ್ವಿಲಿಯಾ ಕಡೆ, ಅರ್ಧ ಜನ ಬಡ್ಡಿ ಕಡೆ. ಬ್ರೂಟಸ್ ಹಾಡು ಅಲ್ಲೇ ನಿಂತಿದೆ. ಮುತ್ತು ಉರುಳದ ಹಾಗೆ ಏನು ಮಾಡಬಹುದು?

ಅಮ್ಮನ ಪಾತ್ರ:
ಸರದಲ್ಲಿ ಪೋಣಿಸಿಬಿಡಮ್ಮಾ. ನನಗೆ ಆಗ ಹೊಳೆಯಲಿಲ್ಲ.

ಬಡ್ಡಿ ಲೆಕ್ಕ:
ನೇರಳೆ ಅಂಚು 22 ಮೀಟರ್ ಮಿಕ್ಕಿದೆ. ಫೋಟೊ ಹಾಕಿದ್ದೇನೆ. ಅರ್ಧ ಬೆಲೆಗೆ ಕೊಡುತ್ತೇನೆ.

ನೇರಳೆ ಅಂಚು:
ಫೋಟೊ ನೋಡಿದೆ. ಅದು ಮರೂನ್.